ತಾರಸಿಯ ಮೇಲಿನ ಸರೋವರ

ಈ ಸಲದ ಬೇಸಿಗೆ ಮುನ್ನೋಟದಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಮೀಸೆ ಬೋಳಿಸಿಕೊಳ್ಳುವುದಾಗಿ ಪಾದರಸ ಇಡೀ ಹವಾಮಾನ ಕಚೇರಿಯ ಎದುರು ಶಪಥ ಮಾಡಿದ. ಪಾದರಸ ಅನ್ನುವ ಹೆಸರು ಚುರುಕುತನಕ್ಕೆ ಬಂದದ್ದಲ್ಲ. ಕುರ್ಚಿ ಬಿಟ್ಟು ಏಳಲು ಅವನಿಗೆ ಎರಡು ಪ್ರಯತ್ನವಾದರೂ ಬೇಕು. ಸದಾ ಅಂಗಿಯ ಜೇಬಿನಲ್ಲಿ ಥರ್ಮಾಮೀಟರ್ ಸಿಕ್ಕಿಸಿಕೊಂಡು, ಕಾಫಿ ಕೊಟ್ಟರೂ ಮೊದಲು ಅದನ್ನು ಅದ್ದಿ ನೋಡಿ ಆಮೇಲೆ ಕುಡಿಯುತ್ತಿದ್ದ ಮಹಾನುಭಾವ ಅವನು.

ಆ ಕಚೇರಿಯ ಮುನ್ನೋಟಕ್ಕೆ ಮೂರು ಭಾಗ: ನೆಲ, ಗಾಳಿ, ಸರೋವರ. ಪ್ರತಿ ವರ್ಷ ಸಾಹೇಬರು ಮೂರನ್ನೂ ಹಂಚುತ್ತಾರೆ. ನೆಲ ಒಬ್ಬ ಮೇಡಂ ಪಾಲಾಯಿತು, ಗಾಳಿಯನ್ನು ಸಾಹೇಬರೇ ಇಟ್ಟುಕೊಂಡರು. ಸರೋವರ ಪಾದರಸನ ಕೊರಳಿಗೆ ಬಿತ್ತು. ಅದರ ನಿಯಮ ಸರಳವಾಗಿತ್ತು. ನಲವತ್ತು ದಿನ, ದಿನಾ ಬೆಳಿಗ್ಗೆ, ನೀರಿನ ಮೇಲೆ ಚಾಚಿದ ಮರದ ಹಲಗೆಗಳ ಕಟ್ಟೆಯ ತುದಿಯವರೆಗೆ ನಡೆದು ಹೋಗಿ ಥರ್ಮಾಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ನೀರಿನ ಬಿಸಿ ಬರೆದುಕೊಳ್ಳಬೇಕು.

ಮೊದಲ ದಿನ ಪಾದರಸ ಮೂರನೇ ಹಲಗೆಯವರೆಗೆ ಹೋದ. ಹಲಗೆಗಳ ಸಂದಿಯಲ್ಲಿ ಕಪ್ಪು ನೀರು ಕಂಡಿತು. ಅಷ್ಟಕ್ಕೇ ಜೀವ ಬಾಯಿಗೆ ಬಂತು, ಹಿಂದೆ ಹಿಂದೆ ಹೆಜ್ಜೆ ಇಟ್ಟು ದಡ ಸೇರಿದ. ನೀರೆಂದರೆ ಅವನಿಗೆ ಹುಟ್ಟಾ ಹೆದರಿಕೆ. ಮನೆಯಲ್ಲಿ ಬಕೆಟ್ಟಿನ ನೀರನ್ನೂ ಒಂದು ಕೈ ಗೋಡೆಗೆ ಆನಿಸಿಕೊಂಡೇ ಸುರಿದುಕೊಳ್ಳುವವನು! ಇದನ್ನು ಯಾರಿಗೂ, ಹೆಂಡತಿಗೂ, ಅವನು ಹೇಳಿರಲಿಲ್ಲ.

ನಾನು ಸರೋವರದ ಹತ್ತಿರ ಹೋಗಲಾಗದಿದ್ದರೆ ಸರೋವರವೇ ನನ್ನ ಹತ್ತಿರ ಬರಲಿ ಎಂದು ತೀರ್ಮಾನಿಸಿದ. ಕಚೇರಿಯ ಕಾವಲುಗಾರನಿಗೆ ಹೇಳಿ ಒಂದು ನೀಲಿ ಡ್ರಮ್ಮಿನ ತುಂಬ ಸರೋವರದ ನೀರು ತರಿಸಿ ಮನೆಯ ತಾರಸಿಯ ಮೇಲೆ ಇಡಿಸಿದ. ದಿನಾ ಬೆಳಿಗ್ಗೆ ಲುಂಗಿಯಲ್ಲೇ ಹೋಗಿ ಅಳೆದು ಬರೆದ. ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತೇಳು! ಸರೋವರ ಹೀಗೆ ಬಿಸಿಯೇರುವುದನ್ನು ಕಂಡು ಅವನ ಎದೆ ಉಬ್ಬಿತು. ‘ಬೇಸಿಗೆ ಕಾಲಿಡುವ ಮೊದಲೇ ಸರೋವರದ ನೀರು ಸ್ನಾನಕ್ಕೆ ಹದವಾಗಿರುತ್ತದೆ’ ಎಂದು ಮುನ್ನೋಟ ಬರೆದುಕೊಟ್ಟ. ಸಾಹೇಬರು ಬೆನ್ನು ತಟ್ಟಿ ಸಹಿ ಹಾಕಿದರು.

ಅದನ್ನು ಓದಿದ ಈಜು ಸಂಘದವರು ವರ್ಷದ ಸ್ಪರ್ಧೆಯನ್ನು ಒಂದು ತಿಂಗಳು ಮೊದಲೇ ಇಟ್ಟುಕೊಂಡರು. ಸಾಹೇಬರೇ ಮುಖ್ಯ ಅತಿಥಿ. ಸ್ಪರ್ಧೆಯ ಹಿಂದಿನ ಸಂಜೆ ಹೆಂಡತಿ ಚಪಾತಿ ಲಟ್ಟಿಸುತ್ತಾ, ತಾನೂ ಹೆಸರು ಕೊಟ್ಟಿದ್ದೇನೆ, ಈಜು ಕಲಿತು ಮೂರು ವರ್ಷವಾಯಿತು, ಈ ಸಲ ಗೆದ್ದೇ ಗೆಲ್ಲುತ್ತೇನೆ ಅಂದಳು. ಪಾದರಸ ಹೆಮ್ಮೆಯಿಂದ ಇನ್ನೊಂದು ಚಪಾತಿ ಹಾಕಿಸಿಕೊಂಡ.

ಬೆಳಿಗ್ಗೆ ದಡದಲ್ಲಿ ನೆಲದ ಮೇಡಂ ಸಿಕ್ಕರು. ಪಾದ ಒದ್ದೆಯಾಗಿತ್ತು, ಮುಖ ಬಿಳಿಚಿತ್ತು.

“ಏನ್ರೀ ಪಾದರಸ, ಹೆಬ್ಬೆರಳು ಅದ್ದಿದ್ದಕ್ಕೇ ಮರಗಟ್ಟಿ ಹೋಯ್ತು. ಇಷ್ಟು ದೊಡ್ಡ ನೀರು ಇಷ್ಟು ಬೇಗ ಹೇಗ್ರೀ ಕಾಯುತ್ತೆ? ಏನು ಡ್ರಮ್ಮಿನ ನೀರು ಅಂದ್ಕೊಂಡ್ರಾ?”

ಇಪ್ಪತ್ತು ವರ್ಷ ಹವಾಮಾನದ ಅನ್ನ ತಿಂದ ಪಾದರಸನಿಗೆ ಇಷ್ಟು ಸಣ್ಣ ಸಂಗತಿ ಹೊಳೆದಿರಲಿಲ್ಲ. ಬಿಸಿಲಿಗೆ ಕಾದದ್ದು ಡ್ರಮ್ಮು. ಸರೋವರದ ಹೊಟ್ಟೆಯಲ್ಲಿ ಚಳಿಗಾಲ ಇನ್ನೂ ಹಾಗೇ ಕೂತಿತ್ತು. ತಣ್ಣೀರಿಗೆ ಬಿದ್ದರೆ ಕೈಕಾಲು ಸೆಟೆದುಕೊಳ್ಳುತ್ತವೆ, ಉಸಿರು ಕಟ್ಟುತ್ತದೆ ಎಂದು ಅವನೇ ಹಿಂದೊಮ್ಮೆ ಎಚ್ಚರಿಕೆಯ ಫಲಕ ಬರೆದಿದ್ದ. ಕಟ್ಟೆಯ ತುದಿಯಲ್ಲಿ ಸಾಲಾಗಿ ನಿಂತವರಲ್ಲಿ ಹಳದಿ ಟೋಪಿ ಹಾಕಿಕೊಂಡವಳು ಅವನ ಹೆಂಡತಿ. ಅವಳಿಗೆ ಏನಾದರೂ ಆದರೆ? ಮೀಸೆ ಹೋಗಲಿ, ಕೆಲಸ ಹೋಗಲಿ, ಅವಳು ನೀರಿಗೆ ಇಳಿಯದಿದ್ದರೆ ಸಾಕು ಎಂದು ಓಡಿದ.

ಮೂರನೇ ಹಲಗೆ ಬಂತು. ಕಣ್ಣು ಮುಚ್ಚಿಕೊಂಡು ದಾಟಿದ. “ನಿಲ್ಸಿ, ನಿಲ್ಸಿ” ಎಂದು ಕೂಗಿದ. ಹುರಿದುಂಬಿಸಲು ಬಂದ ಗಂಡ ಎಂದುಕೊಂಡ ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸಾಹೇಬರು ಸೀಟಿ ಊದಿಬಿಟ್ಟರು. ಹಳದಿ ಟೋಪಿ ನೀರೊಳಗೆ ಮುಳುಗಿತು. ಒಂದು ಕ್ಷಣ ಮೇಲೆ ಬರಲೇ ಇಲ್ಲ.

ಪಾದರಸ ಹಾರಿದನೋ ಬಿದ್ದನೋ, ಇವತ್ತಿಗೂ ತೀರ್ಮಾನವಾಗಿಲ್ಲ. ನೀರು ಮೈಗೆ ಸಾವಿರ ಸೂಜಿ ಚುಚ್ಚಿದ ಹಾಗೆ ಚುಚ್ಚಿತು. ಬಾಯಿ ತೆರೆದರೆ ನೀರು, ಕಣ್ಣು ತೆರೆದರೆ ಕತ್ತಲು. ಮುಗೀತು, ನನ್ನ ಕಥೆ ಮುಗೀತು ಎಂದುಕೊಳ್ಳುವಾಗ ಯಾರೋ ಕಾಲರ್ ಹಿಡಿದು ಎಳೆದರು.

ಎಲ್ಲರಿಗಿಂತ ಮುಂದಿದ್ದ ಹಳದಿ ಟೋಪಿ ತಿರುಗಿ ಬಂದಿತ್ತು.

ಕಟ್ಟೆಯ ಮೇಲೆ ಟವೆಲ್ ಸುತ್ತಿ ಕೂರಿಸಿದಾಗ ಪಾದರಸನ ಹಲ್ಲು ಕಟಕಟ ಎನ್ನುತ್ತಿತ್ತು. ಅವನು ಹೆಂಡತಿಯ ಕೈ ಹಿಡಿದುಕೊಂಡು ನೀರಿನ ಹೆದರಿಕೆ, ಕಾವಲುಗಾರ, ಡ್ರಮ್ಮು, ಎಲ್ಲವನ್ನೂ ಒಪ್ಪಿಕೊಂಡ. ಸಾಹೇಬರು ಹಿಂದೆಯೇ ನಿಂತಿರುವುದು ಅವನಿಗೆ ಕಾಣಲಿಲ್ಲ.

“ನಿನಗೆ ನೀರು ತಣ್ಣಗಿದೆ ಅಂತ ಹೇಳೋಕೆ ಬಂದೆ ಕಣೆ,” ಅಂದ.

“ನನಗೆ ಗೊತ್ತಿಲ್ವೇನ್ರೀ? ವಾಕಿಂಗ್ ಅಂತ ಹೇಳಿ ತಿಂಗಳಿಂದ ದಿನಾ ಬೆಳಿಗ್ಗೆ ಇಲ್ಲೇ ಈಜ್ತಿದೀನಿ. ಸಂಘದವರಿಗೂ ಹೇಳ್ದೆ. ನಿಮ್ಮ ಯಜಮಾನ್ರೇ ಅಳೆದು ಬರೆದಿದಾರಲ್ಲ, ನಿಮಗೇನು ಗೊತ್ತು ಅಂದ್ರು,” ಅಂದಳು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು: “ಯಾವ ಡ್ರಮ್ಮು? ಆ ನೀಲಿದಾ?”

“ಹೂಂ. ಅದರಲ್ಲಿದ್ದದ್ದು ಸರೋವರದ ನೀರು.”

“ಅಯ್ಯೋ, ಅದು ಎರಡನೇ ದಿನಕ್ಕೇ ಪಾಚಿ ನಾತ ಹೊಡೀತಿತ್ತು. ಕಾಲೊರಸು ಒಗೆದು ಚೆಲ್ಲಿಬಿಟ್ಟೆ. ಅಲ್ಲಿಂದ ಈಚೆಗೆ ನಲ್ಲಿ ನೀರೇ ತುಂಬಿಸ್ತಿದ್ದೆ.”

ಮೂವತ್ತೆಂಟು ದಿನ ಪಾದರಸ ಶಿಸ್ತಾಗಿ, ದಶಾಂಶ ಸಮೇತ, ಅಳೆದದ್ದು ಅವನದೇ ನಲ್ಲಿಯ ನೀರು.

ಹೆಂಡತಿ ಅವನ ಒದ್ದೆ ಜೇಬಿಗೆ ಕೈ ಹಾಕಿದಳು. ಜೇಬಿನ ತುಂಬ ಇನ್ನೂ ಸರೋವರದ ನೀರಿತ್ತು. ಅದರ ನಡುವೆ ಥರ್ಮಾಮೀಟರ್ ಒಡೆಯದೆ ನಿಂತಿತ್ತು. ಅದನ್ನು ತೆಗೆದು ಬಿಸಿಲಿಗೆ ಹಿಡಿದು ನೋಡಿದಳು.

“ಹದಿಮೂರು,” ಎಂದು ಗಂಡನ ತಲೆಯ ಮೇಲಿಂದ ಸಾಹೇಬರಿಗೆ ಹೇಳಿದಳು. “ಬರ್ಕೊಳ್ಳಿ ಸಾರ್. ಈ ವರ್ಷ ನಿಮ್ಮ ಕಚೇರಿ ಸರೋವರದಲ್ಲಿ ತಗೊಂಡ ಮೊದಲನೇ ಅಳತೆ ಇದು.”