ಗದ್ದಲದ ಮರುಮುದ್ರಣ

ಅವತ್ತು ಏನೇನು ಆಗಬಹುದಿತ್ತು! ಮಾಳಿಗೆಗೆ ಕಟ್ಟಿದ ಮೈಕಿನ ಹಾರ್ನ್ ಕಳಚಿ ನನ್ನ ತಲೆಯ ಮೇಲೆ ಬೀಳಬಹುದಿತ್ತು (ಬೀಳುವ ವಸ್ತುಗಳಿಗೆ ನನ್ನ ತಲೆಯೆಂದರೆ ಮೊದಲಿನಿಂದಲೂ ಪ್ರೀತಿ). ಪಕ್ಕದ ಮನೆಯ ಎಮ್ಮೆ ಬೆದರಿ, ಹಗ್ಗ ಹರಿದುಕೊಂಡು ಸಂತೆಯೊಳಗೆ ನುಗ್ಗಬಹುದಿತ್ತು. ಓಣಿಯ ಹಿರಿಯರಲ್ಲೊಬ್ಬರ ಎದೆ ನಿಂತುಹೋಗಬಹುದಿತ್ತು. ಪೊಲೀಸರು ಬಂದು “ಇದಕ್ಕ ಸಂಗೀತ ಅಂತಾರೇನ್ರಿ?” ಎಂದು ಕೇಳಿದರೆ ಉತ್ತರ ಕೊಡಲು ನಾನೊಬ್ಬನೇ ಸಿಗಬಹುದಿತ್ತು. ಇಷ್ಟನ್ನೂ ನಾನು ಹುಕ್ಕೇರಿಯಿಂದ ಮೂಡಲಗಿಗೆ ಹೋಗುವ ದಾರಿಯಲ್ಲೇ ಅನುಭವಿಸಿ ಮುಗಿಸಿದ್ದೆ. ಗೋಕಾಕದಲ್ಲಿ ಬಸ್ಸು ಬದಲಿಸಿದೆ, ಚಿಂತೆ ಬದಲಿಸಲಿಲ್ಲ.

ಎಲ್ಲಕ್ಕೂ ಕಾರಣ ನನ್ನ ಸೋದರಮಾವ. ನಮಗೆಲ್ಲ ಮಳೆಯಲ್ಲಿ ನೆನೆದರೆ ನೆಗಡಿಯಾಗುತ್ತದೆ. ಇವರಿಗೆ ಮೌನದಲ್ಲಿ ಕೂತರೆ ಆಗುತ್ತದೆ! ಮೂಡಲಗಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಹರೆಯದಿಂದಲೂ ಡೀಸೆಲ್ ಇಂಜಿನ್ನಿನ ಪಕ್ಕದಲ್ಲೇ ಬದುಕಿದ ಮನುಷ್ಯ, ಪಿಸುಮಾತು ಎಂಬುದನ್ನು ಕಲಿಯಲೇ ಇಲ್ಲ. ನನಗೆ ಹೆಣ್ಣು ನೋಡಲು ಕೊಣ್ಣೂರಿಗೆ ಕರೆದುಕೊಂಡು ಹೋದಾಗ ನನ್ನ ಕಿವಿಯ ಹತ್ತಿರ ಬಾಗಿ, ಬಹಳ ಗುಟ್ಟಾಗಿ, “ಹುಡುಗಿ ಮೂಗ ಸ್ವಲ್ಪ ಮೊಂಡ ಐತಿ ನೋಡು!” ಎಂದರು. ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಹುಡುಗಿಯ ತಂದೆ ಮೆಲ್ಲಗೆ ತಮ್ಮ ಮೂಗು ಸವರಿಕೊಂಡು, “ನಮ್ಮ ಮನಿತನದ ಮೂಗ್ರಿ ಅದು” ಎಂದರು. ಆ ಮೂಗಿನ ಒಡತಿಯೇ ಈಗ ನನ್ನ ಹೆಂಡತಿ. ಮಾವ ಮನೆಗೆ ಬಂದ ದಿನ ನಮ್ಮಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆ ಬೀಳುವುದೇಕೆಂದು ನಾನು ಇದುವರೆಗೂ ವಿಚಾರಿಸಿಲ್ಲ.

ನಮ್ಮ ಕಡೆ ಗಿರಣಿಯ ಇಂಜಿನ್ನಿಗೆ ಒಂದು ಪದ್ಧತಿಯಿತ್ತು. ಹೊಗೆ ಹೋಗುವ ಕೊಳವೆಯ ಬಾಯಿಗೆ ತಗಡಿನ ಡಬ್ಬಿ ಕಟ್ಟುತ್ತಿದ್ದರು. ಇಂಜಿನ್ ಶುರುವಾದರೆ ಅದು ‘ಕುಕ್ಕು ಕುಕ್ಕು’ ಎಂದು ಊರಿಗೆಲ್ಲ ಸಾರುತ್ತಿತ್ತು. ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಗಿರಣಿಯ ಹಿಂದಿನ ಅಂಗಳ ದಾಟಿದರೆ ಮಾವನ ಮನೆ. ಅಲ್ಲಿ ನಮ್ಮ ಅತ್ತೆ ಅದೇ ಸದ್ದಿಗೆ ತಾಳ ಹಾಕಿದಂತೆ ರೊಟ್ಟಿ ಬಡಿಯುತ್ತಿದ್ದರು. ಸದ್ದು ನಿಂತರೆ ಗಂಡ ಊಟಕ್ಕೆ ಬಂದ ಎಂದೇ ಲೆಕ್ಕ.

ಆಮೇಲೆ ಇಂಜಿನ್ ಗುಜರಿಗೆ ಹೋಯಿತು, ಕರೆಂಟಿನ ಮೋಟಾರು ಬಂತು. ಅದೋ, ಹೊಸ ಸೊಸೆಯ ಹಾಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಜಾತಿ. ಅದೇ ಹೊತ್ತಿಗೆ ಸಕ್ಕರೆ ಕಾಯಿಲೆ ಅತ್ತೆಯ ಕಣ್ಣುಗಳನ್ನು ಪೂರ್ತಿ ತಿಂದು ಮುಗಿಸಿತ್ತು. ಕಣ್ಣಿಲ್ಲದವರಿಗೆ ಸದ್ದೂ ಇಲ್ಲವೆಂದರೆ? ಗಂಡ ಗಿರಣಿಯಲ್ಲಿದ್ದಾನೋ, ಬಿದ್ದಿದ್ದಾನೋ ತಿಳಿಯುವುದು ಹೇಗೆ? ತಡೆಯಲಾರದೆ ಅವರು ಗೋಡೆ ಹಿಡಿದುಕೊಂಡು ಅಂಗಳ ದಾಟಿ ಬರತೊಡಗಿದರು. ಒಂದು ದಿನ ಮಾವ ಹಿಂತಿರುಗಿ ನೋಡಿದರೆ ಅತ್ತೆಯ ಸೆರಗು ಓಡುತ್ತಿರುವ ಬೆಲ್ಟಿನಿಂದ ಒಂದು ಗೇಣು ದೂರದಲ್ಲಿತ್ತಂತೆ. ಅದನ್ನು ಹೇಳುವಾಗ ಮಾತ್ರ ಮಾವನ ದನಿ ಊರಿಗೆ ಕೇಳಿಸಲಿಲ್ಲ.

“ಬರಬ್ಯಾಡಾ ಅಂದ್ರ ಕೇಳಾಂಗಿಲ್ಲ ತಮ್ಮಾ. ಅಕಿಗೆ ಒಂದು ಸಪ್ಪಳ ಬೇಕು.”

ಅಂದಿನಿಂದ ಶುರುವಾಯಿತು ಸಪ್ಪಳದ ಬೇಟೆ! ಮೊದಲು ಮೋಟಾರಿನ ಮಗ್ಗುಲಿಗೆ ತಗಡು ಕಟ್ಟಿದರು. “ಗುಜರಿಯವನ ಸೈಕಲ್ ಬಂದೈತಿ ನೋಡ್ರಿ” ಎಂದರು ಅತ್ತೆ. ಎತ್ತಿನ ಗಂಟೆ ಕಟ್ಟಿದರು. “ಯಾರ ದನಾ ಬಿಟ್ಟಾರ, ಹೊಡೀರಿ ಆಚಿಗಿ” ಎಂದರು. ರೇಡಿಯೊ ಹಚ್ಚಿದರು. “ರೇಡಿಯೊ ತಾನ ಹಾಡ್ತೈತಿ. ಅದಕ್ಕ ನೀವು ಇರಬೇಕಂತೇನೈತಿ?” ಎಂದರು.

ಕೊನೆಗೆ ಮಾವ ನನ್ನನ್ನೂ ಎಳೆದುಕೊಂಡು ಕೊಲ್ಹಾಪುರದ ಹಳೆಯ ರಿಕಾರ್ಡುಗಳ ಅಂಗಡಿಗೆ ಹೋದರು. ಅಲ್ಲಿ ನಿಂತು, “ಗಿರಣಿ ಸಪ್ಪಳದ ಪ್ಲೇಟ್ ಐತೇನ್ರಿ?” ಎಂದರು. ನಾನು ಬೇರೆಯವನ ಹಾಗೆ ಬೀದಿ ನೋಡುತ್ತ ನಿಂತೆ. ಅಂಗಡಿಯವನು ನಗಲಿಲ್ಲ. ಒಳಗಿನಿಂದ ಹೊಚ್ಚಹೊಸದೊಂದು ಕರಿ ಪ್ಲೇಟು ತಂದ. ಹೊದಿಕೆಯ ಮೇಲೆ ಹಾಡುವವರ ಮುಖವೇ ಇಲ್ಲ, ತುಕ್ಕು ಹಿಡಿದ ಹಲ್ಲಿನ ಚಕ್ರವೊಂದಿದೆ!

“ಇಂಡಸ್ಟ್ರಿಯಲ್ ರಾಕ್ ಅಂತಾರ ಕಾಕಾ ಇದಕ್ಕ. ಕಾರ್ಖಾನಿ ಗದ್ದಲಾ ಹಾಕಿ ಹಾಡ ಮಾಡ್ತಾರ. ಈ ಮಂದಿದು ಇದು ಮೊದಲನೇ ಅಲ್ಬಮ್. ಹಳೇದು ಎಲ್ಲೂ ಸಿಗ್ತಿದ್ದಿಲ್ಲ, ಈಗ ಮತ್ತ ಅಚ್ಚ ಒತ್ತ್ಯಾರ. ಪುಣೆದಾಂವ ಒಬ್ಬ ಪರದೇಶದಿಂದ ತರಿಸಿದ್ದ. ಹೆಂಡ್ತಿ ಮನ್ಯಾಗ ಹಚ್ಚಾಕ ಬಿಡಲಿಲ್ಲಂತ ಇಲ್ಲಿ ಕೊಟ್ಟು ಹೋದ.”

“ಮತ್ತ ಒತ್ತ್ಯಾರ?” ಮಾವ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. “ಅಂದ್ರ ಹೋದ ಸಪ್ಪಳ ಮತ್ತ ಬರತೈತಿ?”

ಬಸ್ಸಿನ ತುಂಬ ಅವರಿಗೆ ಇದೇ ಕುತೂಹಲ. ಯಾರಿರಬಹುದು ಈ ಜನ? ಗದ್ದಲವನ್ನು ಒಮ್ಮೆ ಮಾಡಿದ್ದು ಸಾಲದೆಂದು ಮತ್ತೆ ಒತ್ತಿಸಿಕೊಳ್ಳುವವರು? ಹುಕ್ಕೇರಿ ಬರುವಷ್ಟರಲ್ಲಿ ಮಾವ ತೀರ್ಮಾನಕ್ಕೆ ಬಂದಿದ್ದರು: “ಪಾಪ, ಅವರ ಊರಾಗಿನ ಗಿರಣಿನೂ ಬಂದ್ ಆಗಿರಬೇಕು.” ಹಿಂದಿನ ಸೀಟಿನವರು ಇದಕ್ಕೆ ಲೊಚಗುಟ್ಟಿದರು. ನಾನು ನಗಬೇಕೆಂದಿದ್ದೆ, ಯಾಕೋ ಆಗಲಿಲ್ಲ.

ಹೀಗೆ ಆ ಮುಂಜಾನೆ ಬಂತು. ಲಗ್ನಕ್ಕೆ ಮೈಕು ಬಾಡಿಗೆ ಕೊಡುವವನ ಅಟ್ಟದಿಂದ ಪ್ಲೇಯರು ಇಳಿಯಿತು, ಹಾರ್ನ್ ಮಾಳಿಗೆ ಏರಿತು. ಮಾವ ಮೋಟಾರು ಹಾಕಿ, ಪ್ಲೇಟಿನ ಮೇಲೆ ಪಿನ್ನು ಇಟ್ಟರು.

ಅಯ್ಯಯ್ಯೋ! ತಗಡು ಹರಿದಂತೆ, ಸುತ್ತಿಗೆ ಬಿದ್ದಂತೆ, ಕಬ್ಬಿನ ಗಾಡಿ ಮೋರಿಗೆ ಉರುಳಿದಂತೆ! ನಾನು ಹಾರ್ನಿನಿಂದ ದೂರ ಸರಿದು ತಲೆಯ ಮೇಲೆ ಕೈಯಿಟ್ಟುಕೊಂಡೆ. ಎಮ್ಮೆ ಒಮ್ಮೆ ಕತ್ತೆತ್ತಿ ನೋಡಿ ಮೆಲುಕು ಮುಂದುವರಿಸಿತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಶೆಯೇ ಆಯಿತು. ಓಣಿಯ ಅಜ್ಜಿಯೊಬ್ಬಳು ಜೋಳದ ಬುಟ್ಟಿಯೊಂದಿಗೆ ಬಂದು, “ಇಂಜಿನ್ ರಿಪೇರಿ ಆತೇನೋ ಯಪ್ಪಾ?” ಎಂದಳು. ಅಷ್ಟರಲ್ಲಿ ಹಾಡುವವನು ಬಾಯಿ ತೆರೆದ. ಹಾಡೇ ಅದು? ಆರ್ತನಾದ! ಮನೆಯೊಳಗಿಂದ ಅತ್ತೆ ಅದಕ್ಕಿಂತ ಜೋರಾಗಿ ಕೂಗಿದರು:

“ಯಾರ ಕೈ ಸಿಕ್ಕೇತ್ರೀ ಬೆಲ್ಟಿನ್ಯಾಗ? ಮೊದಲ ಬಿಡಸ್ರಿ ಅವನ್ನ!”

“ಯಾರದೂ ಇಲ್ಲಾ, ಪ್ಲೇಟ್ ಅದು!” ಎಂದು ಮಾವ ಕೂಗಿದರು. ಆ ಗದ್ದಲದಲ್ಲಿ ಮಾವನ ದನಿಯೂ ಮುಳುಗಿತು. ನನ್ನ ಆಯುಷ್ಯದಲ್ಲಿ ಮೊದಲ ಸಲ! ಹಾಡು ಮುಗಿಯಿತು. ಮುಂದಿನ ಹಾಡಿಗೆ ಮೊದಲು ತುಸು ಮೌನ. ಅಷ್ಟೇ ಸಾಕಾಯಿತು, ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡರು. ಕೈ ಗೋಡೆಯ ಮೇಲಿತ್ತು. ಒಂದು ಕಾಲು ಅಂಗಳಕ್ಕೆ ಇಳಿದಿತ್ತು. ಮಾವನ ಮುಖ ಹಿಟ್ಟಿಗಿಂತ ಬೆಳ್ಳಗಾಯಿತು.

ಆಗ ಎರಡನೆಯ ಹಾಡು ಶುರುವಾಗಿ, ಪಿನ್ನು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡಿತು. ಢಕ್ ಟುಕ್ಕು. ಢಕ್ ಟುಕ್ಕು. ಮುಂದಕ್ಕೆ ಹೋಗದು, ಹಿಂದಕ್ಕೂ ಹೋಗದು. ನಾನು ಗಾಬರಿಯಾಗಿ ಅದನ್ನು ಎತ್ತಲು ಓಡಿದೆ.

“ಇರ್ಲಿ ಬಿಡು ತಮ್ಮಾ.” ಅತ್ತೆಯ ದನಿ. ಅವರು ಇದ್ದಲ್ಲೇ ನಿಂತಿದ್ದರು. ಇಳಿಸಿದ ಕಾಲನ್ನು ನಿಧಾನವಾಗಿ ಮೇಲೆ ತೆಗೆದುಕೊಂಡು ಹೊಸ್ತಿಲ ಮೇಲೆ ಕೂತರು. “ಇಂಜಿನ್ ಅಲ್ಲಂತ ನನಗ ಗೊತ್ತೈತಿ. ಆದ್ರ ಇದು ರೇಡಿಯೊ ಹಂಗ ತಾನ ನಡ್ಯಾಂಗಿಲ್ಲಲ್ಲ? ಬಾಜೂಕ ಯಾರರ ಇದ್ದ ನೋಡಕೋಬೇಕಲ್ಲ?”

“ಹೂಂ. ಇಲ್ಲೇ ಅದೀನಿ” ಎಂದರು ಮಾವ, ಕಣ್ಣಿಗೆ ಬಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತ.

“ಅದ ಮತ್ತ” ಎಂದು ಅತ್ತೆ ರೊಟ್ಟಿಯ ಹಿಟ್ಟು ನಾದಲು ಒಳಗೆ ಹೋದರು.

ಅವತ್ತು ಕೆಟ್ಟದ್ದು ಅದೊಂದೇ. ಪಿನ್ನು ಸಿಕ್ಕಿಕೊಂಡಿತು. ಮಾವ ಅದನ್ನು ಮಧ್ಯಾಹ್ನದ ಊಟದವರೆಗೂ ಎತ್ತಲಿಲ್ಲ.