ಅರ್ಜಿದಾರರ ಧೈರ್ಯದ ವಿಚಾರಣೆ

ನನ್ನ ಕಡಲೆಕಾಯಿಯನ್ನು ಕಾಡುಹಂದಿಗಳು ತಿಂದದ್ದಕ್ಕೆ ನನಗೆ ಅಷ್ಟು ದುಃಖವಿರಲಿಲ್ಲ. ಅವುಗಳನ್ನು ಓಡಿಸಲು ಬಂದ ನನ್ನ ಷಡ್ಡಕ ದೊಡ್ಡಮಾದಪ್ಪ ನಮ್ಮ ಮನೆಯಲ್ಲಿ ತಿಂದ ಮುದ್ದೆಗಳದೇ ದುಃಖ. ಹನೂರಿನಾಚೆ ಕಾಡಂಚಿನಲ್ಲಿ ನನಗೆ ನಾಲ್ಕೆಕರೆ ಹೊಲವಿದೆ. ಅವನಿಗೆ ಲೈಸೆನ್ಸಿರುವ ಕೋವಿಯಿದೆ. ಇದೇ ನಮ್ಮಿಬ್ಬರ ಸಂಬಂಧ. (ಹೆಂಡತಿಯರು ಅಕ್ಕತಂಗಿಯರೆಂಬುದು ಆಮೇಲಿನ ಮಾತು.) ಅವನು ಬಂದು ಆಕಾಶಕ್ಕೆ ಎರಡು ಗುಂಡು ಹಾರಿಸುವನು, ಹಂದಿಗಳು ಪಕ್ಕದ ಹೊಲಕ್ಕೆ ಹೋಗುವುವು, ಅವನು ನಮ್ಮ ಮನೆಗೆ ಬರುವನು. ಮೂರನೇ ಮುದ್ದೆ ಮುರಿಯುತ್ತಾ, "ಮೇಷ್ಟ್ರೇ, ಸೀಮೆಸುಣ್ಣ ತೋರ್ಸುದ್ರೆ ಅಂದಿ ಓಡಾಕಿಲ್ವಾ?" ಎನ್ನುವನು.

ನಾನು ಪ್ರೈಮರಿ ಶಾಲೆಯ ಮೇಷ್ಟ್ರು. ಕಳೆದ ವರ್ಷ, ಅಂದರೆ ಅರವತ್ನಾಲ್ಕರ ಬೆಳೆಯಲ್ಲಿ, ಈ ಮಾತನ್ನು ನಾಲ್ಕು ಸಲ ಕೇಳಿದ ಮೇಲೆ ನಾನೂ ಕೋವಿಗೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದೆ.

ನನ್ನ ಹೆಂಡತಿ ಚೆಲುವಮ್ಮ ಮಾರ್ಟಳ್ಳಿಯವಳು. ಅವಳ ಅಣ್ಣ ಕೋವಿ ಒರೆಸುತ್ತಾ ಕೂತಿದ್ದಾಗ ಅದು ಸಿಡಿದು ಎಡಗೈಯ ಎರಡು ಬೆರಳು ಹೋಗಿದ್ದವು. ಅಂದಿನಿಂದ ನಮ್ಮ ಮನೆಯಲ್ಲಿ ಸರ್ಕಾರದ್ದಕ್ಕಿಂತ ಬಿಗಿಯಾದ ಆಯುಧ ಕಾನೂನು ಜಾರಿಯಲ್ಲಿತ್ತು: ದೊಡ್ಡಮಾದಪ್ಪನ ಕೋವಿ ಜಗಲಿ ದಾಟಿ ಒಳಗೆ ಬರಕೂಡದು.

"ಲೈಸೆನ್ಸ್ ಯಾಕಿದೆ ಹೇಳು? ಸರ್ಕಾರ ವಿಚಾರಿಸಿ, ಯೋಗ್ಯರಿಗೆ ಮಾತ್ರ ಕೊಡುತ್ತೆ," ಎಂದೆ ನಾನು.

"ನಮ್ಮಣ್ಣನ್ ತಾವ್ಲೂ ಲೈಸೆನ್ಸ್ ಇತ್ತು. ಕೋವಿ ಏನು ಕಾಗ್ದ ಓದ್ಕಂಡು ಸಿಡಿತದಾ?"

"ಹಾಗಾದ್ರೆ ಹಂದಿ ತಿನ್ನಲಿ ಅನ್ನು."

"ಅಂದಿ ಕಾಯಿ ತಿಂತದೆ. ಬೆರಳು ತಿನ್ನಾಕಿಲ್ಲ."

"ಅದು ಕೋವಿ ತಪ್ಪಲ್ಲ ಕಣೇ. ಹಿಡಿದವರ ತಪ್ಪು."

"ಇಡಿಯೋರು ಯಾರು ಅಂತ್ಲೇ ನಾನೂ ಕೇಳ್ತಿರಾದು," ಎಂದು ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

ಆ ನೋಟವನ್ನು ಲೆಕ್ಕಿಸದೆ ಅರ್ಜಿ ಬರೆದೆ. ನಾನು 'ಧೀರನೂ, ಸ್ಥಿರಚಿತ್ತನೂ, ದುಷ್ಟ ವರಾಹಗಳಿಂದ ಸತತ ಪೀಡಿತನೂ' ಎಂದು ವಿವರಿಸಿದ್ದೆ. (ವ್ಯಾಕರಣ ದೋಷ ಒಂದೂ ಇರಲಿಲ್ಲ.)

ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ವಿಚಾರಣೆಗೆಂದು ಪೊಲೀಸ್ ದಫೇದಾರ್ ಜಡೇಸ್ವಾಮಿ ಸೈಕಲ್ಲಿನಲ್ಲಿ ಬಂದರು. ನನ್ನ ಪರ ಸಾಕ್ಷಿ ಹೇಳಲೆಂದು ದೊಡ್ಡಮಾದಪ್ಪನನ್ನು ನಾನೇ ಕರೆಸಿದ್ದೆ. ಅವನು ಕೋವಿಯನ್ನು ಜಗಲಿಯ ಮೇಲೆ ಅಡ್ಡ ಮಲಗಿಸಿ ಪಕ್ಕದಲ್ಲಿ ಕೂತಿದ್ದ. ಚೆಲುವಮ್ಮನಿಗೆ, "ನಾನು ಶೂರ ಅಂತ ಹೇಳು, ಸಾಕು," ಎಂದು ಮೊದಲೇ ಪಾಠ ಮಾಡಿದ್ದೆ. "ಕೇಳಿದ್ಕೆ ನಿಜ ಏಳ್ತೀನಿ," ಎಂದಷ್ಟೇ ಅವಳು ಒಪ್ಪಿಕೊಂಡಿದ್ದಳು.

ದಫೇದಾರರು ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು. "ಮೇಷ್ಟ್ರು ಕುಡೀತಾರೇನಮ್ಮಾ?"

"ಕಾಪಿ ಸಾ. ಅದೂವೆ ಆರುಸ್ಕಂಡು."

"ಕೋಪ?"

"ಬತ್ತದೆ ಸಾ. ಬಂದಾಗ ಇತ್ತಲಿಗೋಗಿ ಒಬ್ರೇ ಬೈಕಂಡು ಬತ್ತಾರೆ."

"ಧೈರ್ಯ ಎಂಗೆ?"

ನಾನು ಗಂಟಲು ಸರಿಮಾಡಿಕೊಂಡೆ. ಪ್ರಯೋಜನವಾಗಲಿಲ್ಲ.

"ಇಸ್ಕೂಲೊಳಕ್ಕೆ ಉಡ ಬಂದಾಗ ಇವ್ರು ಮೇಜು ಅತ್ಕಂಡ್ರು ಸಾ, ಐಕ್ಳು ಓಡಿಸುದ್ವು. ದೀಪಾವಳಿ ಬಂದ್ರೆ ಕಿವೀಗೆ ಅತ್ತಿ ಇಟ್ಕತ್ತಾರೆ. ನಮ್ಮಣ್ಣನ ಕೈ ನೋಡ್ದಾಗ್ನಿಂದ ನಾನು ಕೋವಿಗೆ ಎದರ್ತೀನಿ. ಇವ್ರು ಉಟ್ದಾಗ್ನಿಂದ ಎದರ್ತಾರೆ."

ದೊಡ್ಡಮಾದಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ನನ್ ಕೇಳಿ ಸಾ. ಕೋವಿ ನಂಗೆ ಊರುಗೋಲಿದ್ದಂಗೆ," ಎಂದ.

ದಫೇದಾರರು ಅವನನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ಮೇಷ್ಟ್ರೇ, ಆ ಕೋವಿ ತಕಂಡು ಬನ್ನಿ," ಎಂದರು.

ನಾನು ಎದ್ದು ಹೋಗಿ, ಕೋವಿಗೆ ಒಂದು ಮಾರು ಈಚೆಗೇ ನಿಂತು, "ಇದರಲ್ಲಿ ಮದ್ದು ತುಂಬಿಲ್ಲ ತಾನೇ?" ಎಂದೆ.

"ಇಲ್ಲ ಕಣಪ್ಪ," ಎಂದ ದೊಡ್ಡಮಾದಪ್ಪ.

ಇನ್ನೊಂದು ಸಲ ಕೇಳಿದೆ. ಮೂರನೇ ಸಲ ಕೇಳಿದಾಗ ದಫೇದಾರರೇ ಬಂದು ನಳಿಗೆಯೊಳಗೆ ಮದ್ದು ಜಡಿಯುವ ಗಜದ ಕಡ್ಡಿ ತೂರಿಸಿ ಅಳತೆ ನೋಡಿದರು; ಅದು ತಳದವರೆಗೆ ಹೋಗಲಿಲ್ಲ. ಮದ್ದೂ ಇತ್ತು, ಗುಂಡೂ ಇತ್ತು. ಅದರ ಬಾಯಿಯ ನೇರಕ್ಕೆ, ಬಾಗಿಲಲ್ಲಿ, ಕಾಫಿ ಲೋಟ ಹಿಡಿದು ಚೆಲುವಮ್ಮ ನಿಂತಿದ್ದಳು.

ಚೆಲುವಮ್ಮ ಲೋಟವನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟಳು. ದೊಡ್ಡಮಾದಪ್ಪನ ಕೋವಿ ಅಂದೇ ಸೈಕಲ್ಲೇರಿ ಠಾಣೆಗೆ ಹೋಯಿತು. ಅದರ ಹಿಂದೆ ಅವನೂ ನಡೆದುಕೊಂಡು ಹೋದ, ಊಟಕ್ಕೂ ನಿಲ್ಲದೆ.

ನನಗಿನ್ನು ಲೈಸೆನ್ಸ್ ಬರುವುದಿಲ್ಲವೆಂದು ನಾವಿಬ್ಬರೂ ಒಮ್ಮತಕ್ಕೆ ಬಂದೆವು. (ನಮ್ಮ ದಾಂಪತ್ಯದಲ್ಲಿ ಇದು ಅಪರೂಪ.) ಆದರೆ ಎರಡು ತಿಂಗಳಿಗೆ ಕೊಳ್ಳೇಗಾಲದಿಂದ ಕರೆ ಬಂತು. ತಾಲ್ಲೂಕು ಕಚೇರಿಯ ಗುಮಾಸ್ತ ಚಿನ್ನಸ್ವಾಮಿ, ಕಿಕ್ಕಿರಿದ ವರಾಂಡದಲ್ಲಿ, ದಫೇದಾರರ ವರದಿಯನ್ನು ಗಟ್ಟಿಯಾಗಿ ಓದಿ ಹೇಳಿದರು: "ಅರ್ಜಿದಾರರು ಕೋವಿಗೆ ವಿಪರೀತ ಹೆದರುತ್ತಾರೆ. ಉಡಕ್ಕೂ ಹೆದರುತ್ತಾರೆ. ಆದಕಾರಣ ಇವರ ಕೈಯಲ್ಲಿ ಕೋವಿ ಇದ್ದರೆ ಸಾರ್ವಜನಿಕರಿಗೆ ಯಾವ ಅಪಾಯವೂ ಇಲ್ಲ. ಮಂಜೂರು ಮಾಡಬಹುದು." ಓದಿ ಮುಗಿಸಿ, ಮಂಜೂರಾದ ಲೈಸೆನ್ಸಿನ ಕಾಗದವನ್ನು ನನ್ನ ಕೈಗಿಟ್ಟರು.

ವರಾಂಡದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಐದು ಜನ ಇದ್ದರು. ಅವರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ಹೆಚ್ಚು ಕಷ್ಟವಾಯಿತು.

ಮನೆಗೆ ಬಂದು, ಉದಾರವಾಗಿ, "ನೀನು ಹೇಳಿದ್ದೇ ಸರಿ. ಕೋವಿ ಬೇಡ ಬಿಡು," ಎಂದೆ.

ಚೆಲುವಮ್ಮ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು. "ಬ್ಯಾಡ ಯಾಕೆ, ತನ್ನಿ. ಮೂರ್ ಸಲ ಕೇಳೋರ ಕೈಲಿದ್ರೆ ನಂಗೇನೂ ಬಯ ಇಲ್ಲ. ಬಾವನೂ ಬರಾಂಗಿಲ್ಲ, ಅಂದಿ ಓಡ್ಸೋರು ಬ್ಯಾಡ್ವಾ? ಮದ್ದು ಮಾತ್ರ ನನ್ ಟ್ರಂಕಲ್ಲಿರ್ತದೆ, ಬೀಗದ್ ಕೈ ನನ್ ತಾವಿರ್ತದೆ."

ಕೋವಿ ಕೊಳ್ಳಲು ಕಾಗದದಲ್ಲಿ ಗಡುವಿದೆ. ಅದು ಇವತ್ತಿಗೆ ಮುಗಿಯುತ್ತದೆ, ಅಂಗಡಿ ಮೈಸೂರಿನಲ್ಲಿದೆ. ಇದನ್ನೆಲ್ಲ ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲನೇ ಬಸ್ಸು ತುಂಬ ರಶ್ಶಿತ್ತು, ಬಿಟ್ಟೆ. ಎರಡನೆಯದರ ಡ್ರೈವರನ ಮುಖ ನನಗೆ ಸರಿಬೀಳಲಿಲ್ಲ. ಮೂರನೆಯದು ಹೊರಡುವ ಹೊತ್ತಿಗೆ ಬಾಯಾರಿಕೆಯಾಯಿತು. ಈಗ ನಾಲ್ಕನೆಯದು ಬಂದು ನಿಂತಿದೆ. ನನ್ನ ಜೊತೆ ಬಂದಿರುವ ಚೆಲುವಮ್ಮ ಆಗಲೇ ಹತ್ತಿ, ಪಕ್ಕದ ಜಾಗಕ್ಕೆ ನನ್ನ ಟವೆಲ್ಲು ಹಾಸಿ, ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಾಳೆ.