ಪಾರಣೆಯ ಹೊತ್ತಿಗೆ ಬಂದ ಭೂಕಂಪ

ದ್ವಾದಶಿಯ ಬೆಳಿಗ್ಗೆ ನಾನು ಬಾಳೆಲೆ ಒರೆಸುತ್ತಿದ್ದಾಗ ಭೂಮಿ ನಡುಗಿತಂತೆ. ‘ಅಂತೆ’ ಎಂದು ಬರೆಯಲು ನಾಚಿಕೆಯಾಗುತ್ತದೆ. ಐವತ್ತೆಂಟು ವರ್ಷದಲ್ಲಿ ಮೂರು ಭೂಕಂಪ ಕಂಡವಳು ನಾನು. ಮೂರೂ ಬೇರೆಯವರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಮೊದಲನೆಯದು ಜಯನಗರದ ತವರುಮನೆಯಲ್ಲಿ, ಒಂದು ರಜೆಯ ಮಧ್ಯಾಹ್ನ. ಮಲಗಿದ್ದ ಮಂಚ ಅಲ್ಲಾಡಿತು. ಪಕ್ಕದಲ್ಲಿದ್ದ ತಮ್ಮ ಕಾಲು ಕುಣಿಸುತ್ತಿದ್ದಾನೆಂದು ಅವನ ಬೆನ್ನಿಗೊಂದು ಕೊಟ್ಟೆ. ಅವನು ಗಾಢ ನಿದ್ದೆಯಲ್ಲಿದ್ದನೆಂದು ಅವನು ಎದ್ದು ಅತ್ತಾಗ ತಿಳಿಯಿತು. ಅಲ್ಲಾಡಿಸಿದ್ದು ಯಾರೆಂದು ಮರುದಿನದ ಪೇಪರ್ ನೋಡಿದಾಗ ತಿಳಿಯಿತು. ಎರಡನೆಯದು ಮದುವೆಯಾದ ಹೊಸದರಲ್ಲಿ. ನಮ್ಮವರ ಮ್ಯಾನೇಜರು ಊಟಕ್ಕೆ ಕೂತಿದ್ದರು. ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಗಲಗಲ ಅಂದವು. “ಪಕ್ಕದ ಮನೆ ಗ್ರೈಂಡರ್ ಸಾರ್, ಯಾವಾಗ್ಲೂ ಹೀಗೇನೆ” ಎಂದು ಹುಳಿ ಬಡಿಸಿದೆ. ಪಕ್ಕದ ಮನೆಯವರು ಊರಿಗೆ ಹೋಗಿ ಹದಿನೈದು ದಿನವಾಗಿತ್ತು. ದೇವರ ದಯೆ, ಎರಡು ಸಲವೂ ಒಂದು ಲೋಟ ಕೂಡ ಒಡೆಯಲಿಲ್ಲ.

ಮೂರನೆಯದು ಈಚೆಗೆ, ನಮ್ಮ ಚಿಕ್ಕಲಸಂದ್ರದ ಫ್ಲ್ಯಾಟಿನಲ್ಲಿ. ನಾವಿರುವುದು ಮೂರನೇ ಮಹಡಿ. ನಮ್ಮತ್ತೆಗೆ ಎಂಬತ್ತೆರಡು. ಏಕಾದಶಿಯ ದಿನ ಒಂದು ಹನಿ ನೀರನ್ನೂ ಮುಟ್ಟುವವರಲ್ಲ. “ಈ ವಯಸ್ಸಲ್ಲಿ ಉಪವಾಸ ಬೇಡ ಅಜ್ಜಿ” ಎಂದ ಡಾಕ್ಟರಿಗೆ, “ಈ ವಯಸ್ಸಲ್ಲಲ್ದೆ ಇನ್ಯಾವಾಗ ಮಾಡ್ಲಪ್ಪ, ನೀನೇ ಹೇಳು” ಎಂದು ಬಾಯಿ ಮುಚ್ಚಿಸಿದವರು. ಮರುದಿನ ಪಂಚಾಂಗ ಹೇಳಿದ ಹೊತ್ತಿನೊಳಗೆ ಮಡಿಯಲ್ಲಿ ಬೇಯಿಸಿದ್ದನ್ನು ತಿಂದು ಪಾರಣೆ ಮಾಡಬೇಕು. ಹೊತ್ತು ಮೀರಿತೋ, ಅಡುಗೆ ಮೈಲಿಗೆಯಾಯಿತೋ, ಆ ದಿನವೂ ಉಪವಾಸವೇ. ಹಿಂದೊಮ್ಮೆ ಹಾಗಾಗಿ, ಸಂಜೆ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದಿದ್ದರು. ಮೂಳೆ ಮುರಿಯದೇ ಇದ್ದದ್ದು ರಾಯರ ಕೃಪೆ. ಇನ್ನೊಂದು ಸಲ ಅಂಥ ಕೃಪೆ ಕೇಳುವ ಧೈರ್ಯ ನನಗಿಲ್ಲ.

ಆ ದಿನ ಏಳೂವರೆಯೊಳಗೆ ಪಾರಣೆ ಆಗಬೇಕಿತ್ತು. ಏಳು ಗಂಟೆಗೆ ನೈವೇದ್ಯ ಮುಗಿದು ಎಲೆ ಹಾಕುವುದೊಂದೇ ಬಾಕಿ. ಹಾಲ್‌ನಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು. ವಾಕಿಂಗಿಗೆ ಹೋದ ನಮ್ಮವರು ಸೊಪ್ಪು ತರಲೋ ಎಂದು ಕೇಳುತ್ತಿರಬೇಕು ಅಂದುಕೊಂಡೆ. ಮಡಿಯಲ್ಲಿದ್ದವಳು ಫೋನು ಮುಟ್ಟುವಂತಿರಲಿಲ್ಲ. ಕೊನೆಗೆ ಯಾರೋ ಕೆಳಗಿನಿಂದ ಕೂಗಿದರು, “ಥರ್ಡ್ ಫ್ಲೋರ್ ಆಂಟಿ, ಭೂಕಂಪ, ಕೆಳಗೆ ಬನ್ನಿ, ಇನ್ನೊಂದು ಸಲ ಆಗ್ಬೋದಂತೆ.”

ಅತ್ತೆಗೆ ಹೇಳಿದೆ. “ಇನ್ನರ್ಧ ಗಂಟೆ ತಡ್ಕೊಳಕ್ಕಾಗ್ಲಿಲ್ವಂತಾ ಅದಕ್ಕೆ?” ಎಂದರು. ಆಮೇಲೆ ಅವರೇ ತೀರ್ಮಾನಿಸಿದರು, “ಅಡುಗೆ ತಗೋ. ಅಲ್ಲೇ ಉಣ್ಣೋಣ.”

ಅನ್ನದ ಪಾತ್ರೆ, ಅದರ ಮೇಲೆ ಅಗಸೆಸೊಪ್ಪಿನ ಪಲ್ಯ ಹಿಡಿದು ನಾನು ಮುಂದೆ. ಬಾಳೆಲೆಯನ್ನು ಕಂಕುಳಲ್ಲಿಟ್ಟು, ಮಡಿಗೆಂದೇ ಬೇರೆ ಇಟ್ಟುಕೊಂಡ ಊರುಗೋಲನ್ನು ಊರುತ್ತ ಅತ್ತೆ ಹಿಂದೆ, ಒಂದೊಂದೇ ಮೆಟ್ಟಿಲು. ಎರಡನೇ ಮಹಡಿಯ ತಿರುವಿನಲ್ಲಿ ನಾಗರತ್ನ ಬಾಗಿಲು ತೆರೆದು ಬಂದರು. ನೈಟಿ, ಸ್ನಾನವಿಲ್ಲ, ಬಾಯಲ್ಲಿ ಹಲ್ಲುಜ್ಜುವ ಬ್ರಶ್. “ಪದ್ಮಾ, ಕೈಕಾಲೇ ಆಡ್ತಿಲ್ಲ ಕಣ್ರೀ” ಎನ್ನುತ್ತ ನನ್ನನ್ನು ಬಿಗಿಯಾಗಿ ತಬ್ಬಿಕೊಂಡುಬಿಟ್ಟರು. ಎರಡು ಕೈಯಲ್ಲೂ ಪಾತ್ರೆ, ತಪ್ಪಿಸಿಕೊಳ್ಳುವುದು ಹೇಗೆ? ನಡುಗುವ ಜೀವಕ್ಕೆ ದೂರ ಸರಿ ಎನ್ನಲು ಮನಸ್ಸೂ ಬರಲಿಲ್ಲ. ಹೆಗಲ ಮೇಲೆ ಪೇಸ್ಟಿನ ನೊರೆಯೊಂದಿಗೆ ನಾನೂ ಮೈಲಿಗೆ, ಅನ್ನವೂ ಮೈಲಿಗೆ. ತಿರುಗಿ ನೋಡಿದೆ. ಅತ್ತೆ ನಾಲ್ಕು ಮೆಟ್ಟಿಲು ಮೇಲೆ, ತಲೆ ತಗ್ಗಿಸಿ ಊರುಗೋಲಿಗೆ ಜಾಗ ಹುಡುಕುತ್ತಿದ್ದರು.

ಕೆಳಗೆ ಪಾರ್ಕಿಂಗಿನಲ್ಲಿ ಕಲ್ಲುಬೆಂಚಿನ ಮೇಲೆ ಅತ್ತೆ ಎಲೆ ಹಾಸಿದರು. ಏಳು ಇಪ್ಪತ್ತಾಗಿತ್ತು. ಅವರ ತುಟಿ ಒಣಗಿತ್ತು. ಹೇಳಿದರೆ ಎದ್ದುಬಿಡುತ್ತಾರೆ, ಹೇಳದಿದ್ದರೆ ಪಾಪ ನನಗೆ. ನನಗೇ ಇರಲಿ ಎಂದು ಬಡಿಸಿದೆ. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದು, “ಏನಜ್ಜಿ, ಎಲ್ರೂ ಪಾಸ್‌ಪೋರ್ಟು, ಮನೆ ಪತ್ರ ತಂದಿದ್ದಾರೆ, ನೀವು ಪಲ್ಯ ತಂದ್ರಾ?” ಎಂದರು.

“ಪಾಸ್‌ಪೋರ್ಟ್ ಕಲಸ್ಕೊಂಡು ತಿನ್ನಕ್ಕಾಗತ್ತೇನಪ್ಪ?” ಎನ್ನುತ್ತ ಅತ್ತೆ ತುತ್ತಿನ ಮೇಲೆ ತುತ್ತು ಇಳಿಸಿದರು. ಅವರು ಅಷ್ಟು ಬೇಗ ಉಂಡದ್ದನ್ನು ನಾನು ಕಂಡಿರಲಿಲ್ಲ. ಭೂಮಿ ಮತ್ತೆ ನಡುಗಲಿಲ್ಲ. ಅದೂ ಒಂದು ಅನುಗ್ರಹವೇ.

ಮನೆಗೆ ಬಂದು ಮತ್ತೆ ಮಿಂದು, ಪ್ರಾಯಶ್ಚಿತ್ತಕ್ಕೆಂದು ದೇವರ ಮುಂದೆ ನೂರೆಂಟು ಸಲ ನಾಮ ಹೇಳಲು ಕೂತೆ. ಅರವತ್ತಾಗಿರಬೇಕು, ಅತ್ತೆ ಬಾಗಿಲಲ್ಲಿ ನಿಂತರು.

“ನಾಗರತ್ನ ತಬ್ಕೊಂಡಿದ್ದಕ್ಕೇನೆ ಇದು?”

“ನೋಡಿದ್ರಾ ಅತ್ತೆ?”

“ಕಣ್ಣಿನ ಆಪರೇಷನ್ ಆದ್ಮೇಲೆ ಎಲ್ಲಾ ಚೆನ್ನಾಗಿ ಕಾಣತ್ತೆ.”

“ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹಸಿವಾಗಿತ್ತು ಕಣೆ. ನೀನೆಲ್ಲಿ ಬಾಯಿಬಿಟ್ಟು ಹೇಳ್ಬಿಡ್ತೀಯೋ ಅಂತ ಗಬಗಬ ತಿಂದೆ.”

ಮೂವತ್ತು ವರ್ಷದಿಂದ ನನ್ನ ಬಾಯಿಯನ್ನು ಬಲ್ಲವರು. ಆ ಬೆಳಿಗ್ಗೆ ಅವರು ಹೆದರಿದ್ದು ಅದೊಂದಕ್ಕೇ ಎಂದು ಕಾಣುತ್ತದೆ. ಉಳಿದ ನಲವತ್ತೆಂಟು ನಾಮವನ್ನು ಅವರೇ ಹೇಳಿಕೊಳ್ಳಲಿ ಎಂದು ಬಿಟ್ಟು, ಅನ್ನ ಅಂಟಿಕೊಂಡಿದ್ದ ಪಾತ್ರೆಗೆ ನೀರು ಹಾಕಿ ನೆನೆಸಲು ಎದ್ದೆ.